ಬೇರು ನೀರಿನಲ್ಲಿ, ಮೀನು ಬೇರಿನಡಿಯಲ್ಲಿ

ನಮ್ಮ ಬೆಳೆಗಾರರ ಮನೆಗಳಲ್ಲಿ ಜಗಲಿಯ ಕಿಟಕಿಯ ಮೇಲೆ, ನೀರು ತುಂಬಿದ ಬಾಟ್ಲಿಯೊಂದರಲ್ಲಿ ಮನಿ ಪ್ಲಾಂಟಿನ ಬಳ್ಳಿ ಇಲ್ಲದಿರುವುದು ಅಪರೂಪ. ಮಕ್ಕಳಿರುವ ಮನೆಯಾದರೆ ಪೇಟೆಯಿಂದ ತಂದ ದುಂಡು ಗಾಜಿನ ಬಟ್ಟಲಿನಲ್ಲಿ ಎರಡು ಕೆಂಪು ಮೀನುಗಳೂ ಇರುತ್ತವೆ. ಬಾಟ್ಲಿಯ ಗಿಡ ವರ್ಷಗಟ್ಟಲೆ ಬಡಕಲಾಗಿಯೇ ಬದುಕುತ್ತದೆ. ಬಟ್ಟಲಿನ ಮೀನು ಮಾತ್ರ ತಿಂಗಳೊಪ್ಪತ್ತಿನಲ್ಲಿ ಸತ್ತು ಮಕ್ಕಳನ್ನು ಅಳಿಸುತ್ತದೆ. ಒಂದರಲ್ಲಿ ಗೊಬ್ಬರ ಸಾಲದು, ಇನ್ನೊಂದರಲ್ಲಿ ಗೊಬ್ಬರ ಹೆಚ್ಚಾಗಿದೆ. ಕೊಟ್ಟಿಗೆ ಒಂದು ಕಡೆ, ತೋಟ ಇನ್ನೊಂದು ಕಡೆ ಇದ್ದು, ನಡುವೆ ಗೊಬ್ಬರ ಹೊರುವ ಆಳೇ ಇಲ್ಲದಂಥ ಸ್ಥಿತಿ ಇದು.

ಇವೆರಡನ್ನೂ ಒಂದೇ ನೀರಿಗೆ ಸೇರಿಸಬಹುದು. ಸೇರಿಸಿದರೆ ಗಿಡಕ್ಕೂ ಲಾಭ, ಮೀನಿಗೂ ಲಾಭ. ಆದರೆ ಈ ವಿಷಯದಲ್ಲಿ ಪೇಟೆಯಲ್ಲಿ ಹರಡಿರುವ ಕೆಲವು ತಪ್ಪು ತಿಳಿವಳಿಕೆಗಳಿವೆ. ಜೊತೆಗೆ ಅಡಿಕೆ, ಕಾಫಿ ಬೆಳೆಯುವ ನಮ್ಮಂಥವರ ಮನೆಗಳಲ್ಲಿ, ಪೇಟೆಯವರಿಗೆ ಇಲ್ಲದ ಒಂದು ವಿಶೇಷ ಅಪಾಯವೂ ಇದೆ. ಅದಕ್ಕಾಗಿ ಈ ಲೇಖನ.

ಮೊದಲು ಸೊಳ್ಳೆಯ ಮಾತು. ಮನಿ ಪ್ಲಾಂಟಿನ ಬಾಟ್ಲಿಯ ನೀರು ನಿಂತ ನೀರು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ಸ್ವಚ್ಛವಾದ, ಸ್ವಲ್ಪವೇ ಆದ, ನೆರಳಿನ ನೀರೇ ಬೇಕು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚನೆಯ ಕಾಲದಲ್ಲಿ ಏಳರಿಂದ ಹತ್ತು ದಿನ ಸಾಕು. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ಮಳೆನೀರು ನಿಂತು ಸೊಳ್ಳೆಯಾಗುತ್ತದೆಂದು ನಾವು ಹಾಳೆಗಳನ್ನು ಮಗುಚಿ ಹಾಕುತ್ತೇವೆ. ಮನೆಯೊಳಗಿನ ಬಾಟ್ಲಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡ ಹಾಕುವ ನಿಯಮವನ್ನೂ ತಂದಿತು. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರು ಮನಿ ಪ್ಲಾಂಟಿನ ಬಾಟ್ಲಿಯನ್ನು ಬಗ್ಗಿ ನೋಡುವುದು ಸುಮ್ಮನೆ ಅಲ್ಲ. ವಾರಕ್ಕೊಮ್ಮೆ ನೀರು ಚೆಲ್ಲಿದರಷ್ಟೇ ಸಾಲದು, ಪಾತ್ರೆಯ ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನ ಅಂಚಿನ ಗೋಡೆಗೆ ಅಂಟಿಸುತ್ತದೆ, ಅವು ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಅದೇ ನೀರಿನಲ್ಲಿ ನಾಲ್ಕು ಮೀನುಗಳಿದ್ದರೆ ಹುಟ್ಟಿದ ಸೊಳ್ಳೆಮರಿಗಳೆಲ್ಲ ಅವುಗಳ ಹೊಟ್ಟೆಗೆ ಹೋಗುತ್ತವೆ.

ಗಿಡ ಏನು ಮಾಡುತ್ತದೆ

ಮೀನು ತಿಂದ ಆಹಾರದಲ್ಲಿರುವ ಸಾರಜನಕದ ಬಹುಭಾಗ ಅಮೋನಿಯವಾಗಿ ಅದರ ಕಿವಿರುಗಳಿಂದಲೇ ನೀರಿಗೆ ಹೊರಬರುತ್ತದೆ. ಹಿಕ್ಕೆಯೂ ತಿನ್ನದೆ ಉಳಿದ ಆಹಾರವೂ ಕೊಳೆತು ಅಮೋನಿಯವೇ ಆಗುತ್ತದೆ. ಕೊಟ್ಟಿಗೆಯ ಗಂಜಲದ ಬಚ್ಚಲಿನಲ್ಲಿ ಮೂಗಿಗೆ ಹೊಡೆಯುವ ಘಾಟು ಯಾವುದೋ, ಇದೂ ಅದೇ. ಹೊಳೆಯಲ್ಲಾದರೆ ಹರಿದು ಹೋಗುತ್ತದೆ, ಬಟ್ಟಲಿನಲ್ಲಿ ಹೋಗುವುದೆಲ್ಲಿಗೆ? ಮೀನು ತನ್ನ ಗಂಜಲದಲ್ಲೇ ಉಸಿರಾಡಬೇಕಾಗುತ್ತದೆ.

ತೋಟದ ಮಣ್ಣಿನಲ್ಲಿ ನಡೆಯುವ ಕೆಲಸವೇ ಇಲ್ಲಿಯೂ ನಡೆಯುತ್ತದೆ. ಯೂರಿಯ ಹಾಕಿದಾಗ ಅದು ಅಮೋನಿಯವಾಗಿ, ಅಲ್ಲಿಂದ ನೈಟ್ರೈಟ್ ಆಗಿ, ಕಡೆಗೆ ನೈಟ್ರೇಟ್ ಆಗಿ ಬೇರಿಗೆ ಸಿಗುವಂತೆ ಮಾಡುವುದು ಮಣ್ಣಿನ ಸೂಕ್ಷ್ಮಜೀವಿಗಳು. ಅವೇ ಜಾತಿಯ ಜೀವಿಗಳು ಮೀನಿನ ತೊಟ್ಟಿಯ ಕಲ್ಲು, ಮರಳು, ಸ್ಪಂಜು, ಬೇರು ಎಲ್ಲದರ ಮೇಲೂ ಪಾಚಿಯಂತೆ ತೆಳುವಾಗಿ ಹತ್ತಿಕೊಂಡು ಕೆಲಸ ಮಾಡುತ್ತವೆ. ಅಮೋನಿಯ ಮತ್ತು ನೈಟ್ರೈಟ್ ಮೀನಿಗೆ ವಿಷ. ನೈಟ್ರೇಟ್ ಅಷ್ಟಾಗಿ ಅಲ್ಲ, ಆದರೆ ಅದು ಕೂಡುತ್ತಲೇ ಹೋಗುತ್ತದೆ. ಗಿಡದ ಬೇರು ಅಮೋನಿಯವನ್ನೂ ನೈಟ್ರೇಟನ್ನೂ ಎಳೆದುಕೊಳ್ಳುತ್ತದೆ. ಬಾಟ್ಲಿಯಲ್ಲಿ ಅಂಗೈ ಅಗಲವೂ ಆಗದಿದ್ದ ಮನಿ ಪ್ಲಾಂಟಿನ ಎಲೆ ಮೀನಿನ ನೀರಿಗೆ ಬಂದ ಮೇಲೆ ಕಪ್ಪು ಹಸಿರಾಗಿ ಹಿಗ್ಗುವುದಕ್ಕೆ ಇದೇ ಕಾರಣ.

ನೀರೊಳಗೆ ಮುಳುಗಿ ಬೆಳೆಯುವ ಗಿಡಗಳಿಗಿಂತ ಈ ಮನೆಗಿಡಗಳಿಗೆ ಒಂದು ಅನುಕೂಲ ಹೆಚ್ಚು. ಎಲೆಗಳು ಗಾಳಿಯಲ್ಲಿರುವುದರಿಂದ ಅವಕ್ಕೆ ಇಂಗಾಲಾಮ್ಲಕ್ಕೂ ಬೆಳಕಿಗೂ ಬರವಿಲ್ಲ. ಹೀಗಾಗಿ ಬೇಗ ಬೆಳೆಯುತ್ತವೆ, ಬೇಗ ಬೆಳೆದಷ್ಟೂ ನೀರಿನಿಂದ ಹೆಚ್ಚು ಎಳೆಯುತ್ತವೆ. ಉದ್ದವಾದ ಬಳ್ಳಿಯನ್ನು ಕತ್ತರಿಸಿ ತೆಗೆದಾಗಲೆಲ್ಲ ಅಷ್ಟು ಗೊಬ್ಬರವನ್ನು ತೊಟ್ಟಿಯಿಂದ ಹೊರಗೆ ಹೊತ್ತು ಹಾಕಿದ ಹಾಗೆ.

ಮೀನು ಮತ್ತು ಗಿಡವನ್ನು ಒಂದಕ್ಕೊಂದು ಹೊಂದಿಸಿ ಸಾಕಬಹುದೆಂದು ಪ್ರಯೋಗ ಮಾಡಿ ಬರೆದವರಲ್ಲಿ ಮೊದಲಿಗನೆಂದು ಲಂಡನ್ನಿನ ರಸಾಯನ ಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಅವರ ಹೆಸರು ಹೇಳುತ್ತಾರೆ. 1850ರಲ್ಲಿ ಪ್ರಕಟಿಸಿದ ಬರಹದಲ್ಲಿ ಅವರು ಎರಡು ಗೋಲ್ಡ್ ಫಿಶ್ ಮತ್ತು ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನು ಒಟ್ಟಿಗೆ ಇಟ್ಟ ವಿವರ ಕೊಟ್ಟರು. ಕೊಳೆತ ಎಲೆಗಳಿಂದ ನೀರು ಕೆಡಲು ತೊಡಗಿದಾಗ ಕೆರೆಯ ಬಸವನಹುಳುಗಳನ್ನು ಬಿಟ್ಟರು, ಆಗ ನೀರು ತಿಳಿಯಾಯಿತು. ಗಮನಿಸಬೇಕಾದ ಮಾತೆಂದರೆ ಅವರು ಇಟ್ಟ ಮೀನು ಎರಡೇ. ನಾವು ಅಂಗಡಿಯಿಂದ ತರುವುದು ಹನ್ನೆರಡು.

ಗಿಡ ಏನು ಮಾಡುವುದಿಲ್ಲ

ಇಲ್ಲಿಯೇ ಹೆಚ್ಚಿನವರು ಎಡವುವುದು. "ಗಿಡ ಇದೆಯಲ್ಲ, ಆಮ್ಲಜನಕ ಕೊಡುತ್ತದೆ" ಎನ್ನುತ್ತಾರೆ. ವಾರಿಂಗ್ಟನ್ ಇಟ್ಟ ಗಿಡ ಪೂರ್ತಿ ಮುಳುಗಿದ ಗಿಡ, ಅದು ಹಗಲಲ್ಲಿ ಬಿಡುವ ಆಮ್ಲಜನಕ ನೀರಿಗೇ ಸೇರುತ್ತದೆ. ಮನಿ ಪ್ಲಾಂಟಿನ ಎಲೆ ಇರುವುದು ಗಾಳಿಯಲ್ಲಿ. ಅದು ಬಿಡುವ ಆಮ್ಲಜನಕ ಜಗಲಿಯ ಗಾಳಿಗೆ ಹೋಗುತ್ತದೆ, ಮೀನಿಗೆ ಸಿಗುವುದಿಲ್ಲ. ಅಷ್ಟೇ ಅಲ್ಲ, ನೀರಿನಲ್ಲಿರುವ ಬೇರೂ ಉಸಿರಾಡುತ್ತದೆ, ಮೀನಿನ ಪಾಲಿನಿಂದ ಸ್ವಲ್ಪ ತಾನೂ ತೆಗೆದುಕೊಳ್ಳುತ್ತದೆ. ಅಂದರೆ ಈ ಗಿಡ ಮೀನಿನ ಕೊಟ್ಟಿಗೆ ಗುಡಿಸುವ ಆಳು. ಮೀನಿಗೆ ಉಸಿರು ಕೊಡುವುದಲ್ಲ. ಉಸಿರು ಬರಬೇಕಾದದ್ದು ನೀರಿನ ಮೇಲ್ಮೈಯಿಂದ. ಮೇಲ್ಮೈ ಅಗಲವಾಗಿ, ತೆರೆದು, ಅಲ್ಪ ಸ್ವಲ್ಪ ಅಲುಗಾಡುತ್ತಾ ಇರಬೇಕು.

ಇದನ್ನು ಮರೆತದ್ದರಿಂದ ಹುಟ್ಟಿದ್ದು ಹೂದಾನಿಯ ಮೀನು. 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಒಂದು ಅಲಂಕಾರ ಬಹಳ ಮಾರಾಟವಾಯಿತು. ಉದ್ದ ಕುತ್ತಿಗೆಯ ಗಾಜಿನ ಹೂದಾನಿ, ಕೆಳಗೆ ನೀರಿನಲ್ಲಿ ಒಂದು ಫೈಟರ್ ಮೀನು, ಬಾಯಿಗೆ ಬಿರಡೆ ಹಾಕಿದಂತೆ ಪೀಸ್ ಲಿಲಿ ಗಿಡ. ಮೀನು ಬೇರನ್ನು ತಿಂದು ಬದುಕುತ್ತದೆ, ಗಿಡ ನೀರನ್ನು ಶುದ್ಧಿ ಮಾಡುತ್ತದೆ, ನೀವು ಏನೂ ಮಾಡಬೇಕಾಗಿಲ್ಲ ಎಂದು ಹೇಳಿ ಮಾರಿದರು. ಆ ಚಾಳಿ ನಮ್ಮ ಪೇಟೆಗಳಿಗೂ ಬಂದಿದೆ, ಉಡುಗೊರೆಯಾಗಿ ಕೊಡುವವರೂ ಇದ್ದಾರೆ. ಇದು ಪೂರ್ತಿ ಸುಳ್ಳು. ಫೈಟರ್ ಮೀನು ಥಾಯ್ಲೆಂಡ್ ಕಡೆಯ ಗದ್ದೆ, ಜೌಗುಗಳ ಮೀನು. ಹುಳುಹುಪ್ಪಟೆ, ಸೊಳ್ಳೆಮರಿ ತಿನ್ನುವ ಜೀವಿ, ಬೇರು ಅದರ ಆಹಾರವಲ್ಲ. ಬೇಸಗೆಯ ಕೆಸರಿನಲ್ಲಿ ಬದುಕುಳಿಯುವ ನಮ್ಮ ಗದ್ದೆ ಮೀನುಗಳ ಹಾಗೆ ಅದಕ್ಕೂ ಮೇಲೆ ಬಂದು ಬಾಯಿಂದ ಗಾಳಿ ನುಂಗುವ ಅಂಗವಿದೆ. ಬಾಯಿ ಕಟ್ಟಿದ ಹೂದಾನಿಯಲ್ಲಿ ಅದಕ್ಕೆ ಆ ಗಾಳಿಗೂ ದಾರಿಯಿಲ್ಲ. ಕೆಲವು ತಿಂಗಳು ಅದು ಬದುಕುವುದನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ. ಹಸಿವಿನಿಂದ ನಿಧಾನವಾಗಿ ಸಾಯುವುದಕ್ಕೂ ಅಷ್ಟು ಕಾಲ ಬೇಕು.

ಪಾತ್ರೆ ಮತ್ತು ಜಾಗ

ದುಂಡು ಬಟ್ಟಲು ಬೇಡ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿಯಲ್ಲಿ ಸುಮಾರು 55 ಲೀಟರು ನೀರು ಹಿಡಿಯುತ್ತದೆ. ಮನೆಗೆ ಇದು ಕನಿಷ್ಠ ಎನ್ನಬಹುದು. ಲೀಟರು ನೀರಿನ ತೂಕ ಒಂದು ಕಿಲೋ, ಆದ್ದರಿಂದ ಕಾಲು ಗಟ್ಟಿ ಇಲ್ಲದ ಮೇಜಿನ ಮೇಲೆ ಇಡಬಾರದು. ಹಳೆಯ ಮನೆಗಳ ಕಲ್ಲಿನ ಮರಿಗೆಗಳು ಈಗ ಅಂಗಳದ ಮೂಲೆಯಲ್ಲಿ ಕಸ ತುಂಬಿಕೊಂಡು ಬಿದ್ದಿವೆ. ಸೋರದ ಮರಿಗೆಯಾದರೆ ಇದಕ್ಕಿಂತ ಒಳ್ಳೆಯ ಪಾತ್ರೆ ಇಲ್ಲ. ಹೊಸ ಸಿಮೆಂಟು ತೊಟ್ಟಿಯಲ್ಲಿ ಸಿಮೆಂಟಿನ ಸುಣ್ಣ ಬಿಟ್ಟು ನೀರು ತೀರಾ ಕ್ಷಾರವಾಗುತ್ತದೆ. ಎರಡು ಮೂರು ವಾರ ನೀರು ತುಂಬಿ ಚೆಲ್ಲಿ, ತುಂಬಿ ಚೆಲ್ಲಿ ಆಮೇಲೆಯೇ ಮೀನು ಬಿಡಬೇಕು.

ತಾಮ್ರದ ಹಂಡೆ, ಹಿತ್ತಾಳೆಯ ಉರುಳಿ, ಕಂಚಿನ ಕೊಪ್ಪರಿಗೆಗಳನ್ನು ಜಗಲಿಯಲ್ಲಿ ನೀರು ತುಂಬಿ ಹೂ ತೇಲಿಸಿ ಇಡುವುದು ಈಗಿನ ಶೋಕಿ. ನೋಡಲು ಚೆಂದ. ಅದರಲ್ಲಿ ಮೀನು ಬಿಡುವುದು ಬೇಡವೇ ಬೇಡ. ಕಾರಣ ಮುಂದೆ ಬರುತ್ತದೆ.

ನೇರ ಬಿಸಿಲು ಬೀಳುವಲ್ಲಿ ಇಟ್ಟರೆ ನೀರು ಪಾಚಿಗಟ್ಟಿ ಹಸಿರಾಗುತ್ತದೆ. ಕಿಟಕಿಯ ಬೆಳಕು ಬೀಳುವ ನೆರಳೇ ಸರಿ. ನಮ್ಮ ಕಾಫಿ ಗಿಡಕ್ಕೆ ಎಂಥ ನೆರಳೋ ಅಂಥದ್ದು.

ಬಳ್ಳಿ ಹಚ್ಚುವ ಕ್ರಮ

ಮನಿ ಪ್ಲಾಂಟನ್ನು ಕಾಳುಮೆಣಸಿನ ಬಳ್ಳಿಯ ದೂರದ ನೆಂಟನೆಂದು ತಿಳಿದವರಿದ್ದಾರೆ. ಅದು ನೆಂಟನಲ್ಲ, ನಮ್ಮ ಕೆಸುವಿನ ಕುಟುಂಬದ್ದು. ಮೂಲ ಊರು ಶಾಂತ ಸಾಗರದ ಮೂರಿಯಾ ಎಂಬ ದ್ವೀಪ. ಆದರೆ ಗೆಣ್ಣುಗೆಣ್ಣಿಗೆ ಬೇರು ಬಿಟ್ಟು ಮರ ಹತ್ತುವ ಸ್ವಭಾವ ಮೆಣಸಿನದ್ದೇ, ಆದ್ದರಿಂದ ಮೆಣಸಿನ ಬಳ್ಳಿ ಕತ್ತರಿಸಿ ನೆಟ್ಟು ರೂಢಿಯಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಎರಡು ಮೂರು ಗೆಣ್ಣಿರುವ ತುಂಡನ್ನು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒಂದು ಗೆಣ್ಣು ನೀರಿನಲ್ಲಿ ಮುಳುಗುವಂತೆ ಬೇರೆ ಬಾಟ್ಲಿಯಲ್ಲಿ ಇಡುವುದು. ಎರಡು ಮೂರು ವಾರದಲ್ಲಿ ಬೇರು ಬಂದ ಮೇಲೆ ತೊಟ್ಟಿಯ ಅಂಚಿಗೆ ತರುವುದು. ಬೇರು ಮಾತ್ರ ನೀರಿನಲ್ಲಿ, ಎಲೆ ಒಂದೂ ನೀರಿನಲ್ಲಿ ಇರಬಾರದು. ಮುಳುಗಿದ ಎಲೆ ಕೊಳೆತು ಅದೇ ಅಮೋನಿಯವಾಗುತ್ತದೆ.

ಮಣ್ಣಿನ ಕುಂಡದ ಗಿಡವನ್ನು ಕಿತ್ತು ನೇರವಾಗಿ ನೀರಿಗೆ ಹಾಕಿದರೆ ಮಣ್ಣಿನಲ್ಲಿ ಬೆಳೆದ ಬೇರಿನ ಬಹುಭಾಗ ಕೊಳೆಯುತ್ತದೆ, ನೀರಿನ ಬೇರು ಬೇರೆಯೇ ಹುಟ್ಟಬೇಕು. ಈ ಕೊಳೆಯುವಿಕೆ ತೊಟ್ಟಿಯ ಹೊರಗೇ ಮುಗಿಯಲಿ. ನರ್ಸರಿಯಿಂದ ಕೊಂಡ ಗಿಡಗಳ ಮಣ್ಣಿನಲ್ಲಿ ಹರಳು ಕೀಟನಾಶಕ ಹಾಕಿರುವುದುಂಟು. ಹಾಗಾಗಿ ಕೊಂಡ ಗಿಡವನ್ನು ಕುಂಡದಲ್ಲೇ ಕೆಲವು ತಿಂಗಳು ಬೆಳೆಸಿ, ಹೊಸದಾಗಿ ಬಂದ ಬಳ್ಳಿಯಿಂದ ತುಂಡು ಮಾಡಿಕೊಳ್ಳುವುದು ಕ್ಷೇಮ.

ಸಿಂಗೋನಿಯಂ ಬಳ್ಳಿಯೂ ಇದೇ ರೀತಿ ಬರುತ್ತದೆ. ಸ್ಪೈಡರ್ ಪ್ಲಾಂಟ್ ಮತ್ತು ಪೀಸ್ ಲಿಲಿಗಳ ಬುಡ, ಅಂದರೆ ಎಲೆ ಹೊರಡುವ ಜಾಗ, ನೀರಿನ ಮೇಲಿರಬೇಕು, ಮುಳುಗಿದರೆ ಕೊಳೆಯುತ್ತದೆ. ಲಕ್ಕಿ ಬ್ಯಾಂಬು ಎಂದು ಮಾರುವ ಗಿಡ ಬಿದಿರೇ ಅಲ್ಲ, ಆಫ್ರಿಕದ ಡ್ರಸೀನ. ಕಾಂಡ ಹಳದಿಯಾದರೆ ತಡಮಾಡದೆ ತೆಗೆಯಬೇಕು. ನನ್ನ ಮೆಚ್ಚಿನದು ಮಾತ್ರ ಒಂದೆಲಗ. ಅಂಚಿನಲ್ಲಿ ಕಲ್ಲು ತುಂಬಿದ ಚಿಕ್ಕ ಬುಟ್ಟಿ ತೂಗುಹಾಕಿ ನೆಟ್ಟರೆ ತಾನೇ ಹಬ್ಬುತ್ತದೆ, ತಂಬುಳಿಗೂ ಆಗುತ್ತದೆ. ಮೀನಿಗೆ ರೋಗದ ಔಷಧಿ ಹಾಕಿದ ತೊಟ್ಟಿಯದ್ದನ್ನು ಮಾತ್ರ ತಿನ್ನಬಾರದು, ಉಳಿದಂತೆ ಚೆನ್ನಾಗಿ ತೊಳೆದು ಬೇಯಿಸಿ ಬಳಸುವುದು.

ಮನಿ ಪ್ಲಾಂಟು, ಸಿಂಗೋನಿಯಂ, ಪೀಸ್ ಲಿಲಿ ಮೂರೂ ಕೆಸುವಿನ ಕುಟುಂಬವಾದ್ದರಿಂದ ಕೆಸುವಿನ ಗುಣವೂ ಇದೆ. ಪತ್ರೊಡೆಗೆ ಹುಣಸೆಹುಳಿ ಸಾಲದೆ ಹೋದಾಗ ಗಂಟಲು ಕೆರೆಯುವುದು ಯಾವುದರಿಂದಲೋ ಆ ಸೂಜಿಯಂಥ ಹರಳುಗಳು ಇವುಗಳ ಎಲೆಯಲ್ಲೂ ಇವೆ. ಅಂಬೆಗಾಲಿಡುವ ಮಗು, ಎಲೆ ಕಚ್ಚುವ ಬೆಕ್ಕು ಇರುವ ಮನೆಯಲ್ಲಿ ಬಳ್ಳಿಯನ್ನು ಕೈಗೆಟುಕದ ಹಾಗೆ ಮೇಲಕ್ಕೆ ಹಬ್ಬಿಸಬೇಕು.

ಒಂದು ಮಾತು ಬೆಳೆಗಾರರಿಗೇ ಹೇಳಬೇಕಾದದ್ದು. ಗಿಡದ ಎಲೆ ಸ್ವಲ್ಪ ಬಿಳಿಚಿದರೆ ನಮ್ಮ ಕೈ ತಾನಾಗಿ ಗೊಬ್ಬರದ ಚೀಲದ ಕಡೆ ಹೋಗುತ್ತದೆ. ಚಿಟಿಕೆ ಯೂರಿಯ, ನಾಲ್ಕು ಕಾಳು 17:17:17 ಹಾಕಿದರೆ ಏನಾದೀತು ಎನಿಸುತ್ತದೆ. ಆಗುವುದು ಇಷ್ಟೇ: ಬೆಳಗಾಗುವಷ್ಟರಲ್ಲಿ ಮೀನು ತೇಲುತ್ತದೆ. ಮೀನಿನ ನೀರಿನಲ್ಲಿ ಸಾರಜನಕ ಧಾರಾಳವಾಗಿರುತ್ತದೆ, ಕೊರತೆ ಬೀಳುವುದು ಪೊಟ್ಯಾಷ್ ಮತ್ತು ಕಬ್ಬಿಣದಂಥವು. ಎಲೆ ತೀರಾ ಬಿಳಿಚಿದರೆ ಆ ತುಂಡನ್ನು ಕುಂಡಕ್ಕೆ ನೆಟ್ಟು ಹೊಸ ತುಂಡು ಇಡುವುದೇ ಸುಲಭ.

ಯಾವ ಮೀನು, ಎಷ್ಟು

ಪುತ್ತೂರು, ಸುಳ್ಯದ ಕಡೆಯ ಸೆಕೆಗೆ ಸರಿಯಾದ ಮೀನು ಮೂಡಿಗೆರೆ, ಸೋಮವಾರಪೇಟೆಯ ಮಾಗಿಯ ಚಳಿಗೆ ಆಗಿಬರುವುದಿಲ್ಲ. ಗಪ್ಪಿ ಮತ್ತು ಫೈಟರ್ ಬೆಚ್ಚನೆಯ ನೀರಿನವು. 22ರಿಂದ 28 ಡಿಗ್ರಿ ಸೆಂಟಿಗ್ರೇಡ್ ಅವಕ್ಕೆ ಹಿತ. ಘಟ್ಟದ ಮೇಲಿನ ತಣ್ಣನೆಯ ಮನೆಗಳಿಗೆ ಗೋಲ್ಡ್ ಫಿಶ್ ಒಗ್ಗುತ್ತದೆ. ನಮ್ಮ ದೇಶದ್ದೇ ಆದ, ಮೈಮೇಲೆ ನೀಲಿ ಪಟ್ಟಿಯ ಜೀಬ್ರಾ ಮೀನೂ ಚಳಿ ತಡೆಯುತ್ತದೆ.

ಗೋಲ್ಡ್ ಫಿಶ್ ಹೊಟ್ಟೆಬಾಕ, ಹೊಲಸೂ ಹೆಚ್ಚು. ಅಂಗಡಿಯಲ್ಲಿ ಬೆರಳುದ್ದ ಇದ್ದದ್ದು ಗೇಣುದ್ದವೂ ಆಗಬಲ್ಲದು. ಅದಕ್ಕೆ 55 ಲೀಟರು ಸಾಲದು, ಎರಡು ಮೀನಿಗೆ ನೂರು ಲೀಟರಿಗಿಂತ ಮೇಲೆ ಇರಲಿ. ಎಳೆ ಬೇರುಗಳನ್ನು ಕಚ್ಚಿ ತಿನ್ನುವ ಚಾಳಿಯೂ ಇದೆ, ಬೇರಿಗೆ ಪ್ಲಾಸ್ಟಿಕ್ ಬುಟ್ಟಿಯ ಮರೆ ಬೇಕು. ಗಪ್ಪಿಯಾದರೆ 55 ಲೀಟರಿಗೆ ಎಂಟು ಹತ್ತು. ಗಂಡುಗಳನ್ನೇ ತರುವುದು ಒಳ್ಳೆಯದು, ಹೆಣ್ಣು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತಾ ಹೋಗುತ್ತದೆ. ಫೈಟರ್ ಗಂಡು ಒಂದು ತೊಟ್ಟಿಗೆ ಒಂದೇ.

ಹೊಸ ತೊಟ್ಟಿಯಲ್ಲಿ ಮೊದಲೇ ಹೇಳಿದ ಸೂಕ್ಷ್ಮಜೀವಿಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮೀನು ಸಾಯುವುದು ಹೆಚ್ಚಾಗಿ ಈ ಅವಧಿಯಲ್ಲೇ. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಚೆನ್ನಾಗಿ ನಡೆಯುತ್ತಿರುವ ತೊಟ್ಟಿಯಿಂದ ಒಂದು ಹಿಡಿ ಕಲ್ಲನ್ನೋ ಹಳೆಯ ಸ್ಪಂಜನ್ನೋ ತಂದು ಹಾಕಿದರೆ ಕೆಲಸ ಬೇಗ ಆಗುತ್ತದೆ. ಆಗಲೂ ಮೊದಲು ಎರಡೇ ಮೀನು, ತಿಂಗಳ ಮೇಲೆ ಉಳಿದವು. ಆಹಾರ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು.

ನಮ್ಮ ಹುಳಿ ನೀರು

ಅಬ್ಬಿಯಿಂದ ದಂಬೆಯಲ್ಲೋ ಪೈಪಿನಲ್ಲೋ ಇಳಿದು ಬರುವ ಮಲೆನಾಡಿನ ನೀರು ಕ್ಲೋರಿನ್ ಇಲ್ಲದ ಶುದ್ಧ ನೀರು. ಆದರೆ ಮೆದು ನೀರು. ಅದರಲ್ಲಿ ಸುಣ್ಣದ ಅಂಶ ಬಹಳ ಕಡಿಮೆ. ಅಮೋನಿಯ ನೈಟ್ರೇಟ್ ಆಗುವಾಗ ಹುಳಿ ಹುಟ್ಟುತ್ತದೆ. ವರ್ಷವರ್ಷವೂ ಯೂರಿಯ ಸುರಿದ ತೋಟದ ಮಣ್ಣು ಹುಳಿಯಾಗುವುದು ಇದೇ ಕ್ರಮದಿಂದ. ಮಣ್ಣಿಗೆ ನಾವು ಸುಣ್ಣ ಕೊಡುತ್ತೇವೆ. ತೊಟ್ಟಿಯಲ್ಲಿ ಸುಣ್ಣದ ಅಂಶ ತೀರಿತೆಂದರೆ ರಸಸಾರ ಆರಕ್ಕಿಂತ ಕೆಳಗಿಳಿದು ಸೂಕ್ಷ್ಮಜೀವಿಗಳ ಕೆಲಸ ನಿಧಾನವಾಗುತ್ತದೆ.

ಹಾಗೆಂದು ಸುಣ್ಣದ ಡಬ್ಬಿಗೆ ಕೈ ಹಾಕುವುದು ಅಪಾಯ. ಅಮೋನಿಯದ ವಿಷ ರಸಸಾರವನ್ನು ಅವಲಂಬಿಸಿದೆ. 25 ಡಿಗ್ರಿಯ ನೀರಿನಲ್ಲಿ ರಸಸಾರ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ವಿಷರೂಪದ್ದು ಶೇಕಡಾ ಒಂದೂ ಇರುವುದಿಲ್ಲ, 8 ಇದ್ದಾಗ ಸುಮಾರು 5, 9 ಆದರೆ ಸುಮಾರು 36. ಒಂದು ಚಮಚ ಸುಣ್ಣದಿಂದ ರಸಸಾರ ಒಮ್ಮೆಲೇ ಏರಿತೆಂದರೆ ನಿನ್ನೆ ನಿರಪಾಯವಾಗಿದ್ದ ನೀರೇ ಇಂದು ವಿಷ. ಒಂದು ಹಿಡಿ ಚಿಪ್ಪು, ಅಂದರೆ ಕರಾವಳಿಯಲ್ಲಿ ಸುಣ್ಣ ಸುಡಲು ಬಳಸುವ ಅದೇ ಚಿಪ್ಪನ್ನು ತೊಳೆದು ಬಟ್ಟೆಯಲ್ಲಿ ಕಟ್ಟಿ ತೊಟ್ಟಿಯ ಮೂಲೆಯಲ್ಲಿ ಇಟ್ಟರೆ ಸಾಕು. ನೀರು ಹುಳಿಯಾದಷ್ಟೇ ಅದು ಕರಗುತ್ತದೆ, ಹೆಚ್ಚು ಕರಗುವುದಿಲ್ಲ.

ಮೈಲುತುತ್ತದ ಕೈ

ಈಗ ಮುಖ್ಯ ವಿಷಯಕ್ಕೆ ಬರೋಣ. ಪೇಟೆಯಲ್ಲಿ ಮೀನು ಸಾಕುವವರ ಮನೆಯಲ್ಲಿ ಮೈಲುತುತ್ತದ ಚೀಲ ಇರುವುದಿಲ್ಲ. ನಮ್ಮಲ್ಲಿ ಇದೆ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ 1885ರಲ್ಲಿ ಬಳಕೆಗೆ ಬಂದ ಬೋರ್ಡೋ ದ್ರಾವಣ ನಮ್ಮ ಅಡಿಕೆಯ ಕೊಳೆರೋಗಕ್ಕೆ ಮದ್ದಾಗಿ ನೂರು ವರ್ಷಕ್ಕೂ ಮೇಲಾಯಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ 1910ರಲ್ಲಿ ಪ್ರಕಟಿಸಿದ ಅಧ್ಯಯನದ ಉಪಕಾರ ಇಂದಿಗೂ ನಮ್ಮ ಮೇಲಿದೆ. ಅಡಿಕೆ ಉಳಿಸುವ ಆ ತಾಮ್ರವೇ ಮೀನಿಗೆ ಯಮ.

ಲೆಕ್ಕ ನೋಡಿ. ಶೇಕಡಾ ಒಂದರ ಬೋರ್ಡೋ ಎಂದರೆ ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಅಂದರೆ ಒಂದು ಲೀಟರು ದ್ರಾವಣದಲ್ಲಿ ಸುಮಾರು ಎರಡೂವರೆ ಗ್ರಾಂ ತಾಮ್ರ. ಒಂದೇ ಟೀ ಚಮಚದಷ್ಟು ದ್ರಾವಣ 50 ಲೀಟರಿನ ತೊಟ್ಟಿಗೆ ಬಿದ್ದರೆ ಲೀಟರಿಗೆ ಕಾಲು ಮಿಲಿಗ್ರಾಂ ತಾಮ್ರವಾಯಿತು. ಮೆದು ನೀರಿನಲ್ಲಿ ಗಪ್ಪಿಯಂಥ ಮೀನು ಸಾಯಲು ಲೀಟರಿಗೆ ಮಿಲಿಗ್ರಾಮಿನ ಹತ್ತನೇ ಒಂದು ಪಾಲೂ ಬೇಕಾಗಿಲ್ಲ. ಗಡಸು ನೀರಿನಲ್ಲಿ ಸುಣ್ಣದ ಅಂಶ ಮೀನನ್ನು ಅಷ್ಟಿಷ್ಟು ಕಾಪಾಡುತ್ತದೆ, ನಮ್ಮ ಅಬ್ಬಿ ನೀರಿಗೆ ಆ ರಕ್ಷಣೆಯೂ ಇಲ್ಲ. ಬೋರ್ಡೋದಲ್ಲಿ ತಾಮ್ರ ಸುಣ್ಣದೊಡನೆ ಕೂಡಿ ಕರಗದ ರೂಪದಲ್ಲಿದೆಯಲ್ಲ ಎಂದು ಬಲ್ಲವರು ಕೇಳಬಹುದು. ನಿಜ, ಒಮ್ಮೆಗೇ ಎಲ್ಲ ಕರಗುವುದಿಲ್ಲ. ಆದರೆ ಅಡಿಕೆ ಗೊನೆಯ ಮೇಲೆ ಕೂತು ಮಳೆನೀರಿಗೆ ಸ್ವಲ್ಪಸ್ವಲ್ಪವೇ ತಾಮ್ರ ಬಿಡುವುದೇ ಅದರ ಗುಣ. ಹುಳಿ ನೀರಿನ ತೊಟ್ಟಿಯಲ್ಲೂ ಅದನ್ನೇ ಮಾಡುತ್ತದೆ. ಕತ್ತಿಯ ಅಲಗು ಅದ್ದಿ ನೋಡಿದಾಗ ಕೆಂಪಗೆ ಹತ್ತುವಂಥ, ಸುಣ್ಣ ಕಡಿಮೆಯಾದ ದ್ರಾವಣವಾದರಂತೂ ಕೇಳುವುದೇ ಬೇಡ.

ಚಮಚದಷ್ಟು ದ್ರಾವಣ ತೊಟ್ಟಿಗೆ ಹೇಗೆ ಬೀಳುತ್ತದೆ? ಬೇಕೆಂದು ಯಾರೂ ಹಾಕುವುದಿಲ್ಲ. ನಾನು ಬಲ್ಲ ಒಂದು ಮನೆಯಲ್ಲಿ ಮೂರು ವರ್ಷದಿಂದ ಚೆನ್ನಾಗಿದ್ದ ತೊಟ್ಟಿ ಆಷಾಢದ ಒಂದು ರಾತ್ರಿ ಕಳೆಯುವುದರೊಳಗೆ ಬರಿದಾಯಿತು. ಮನೆಯಾಕೆ ಎಂದಿನಂತೆ ನೀರು ಬದಲಾಯಿಸಿದ್ದರು, ಅಷ್ಟೇ. ಬಾವಿಕಟ್ಟೆಯಲ್ಲಿದ್ದ ಬಕೆಟ್ಟನ್ನು ಹಿಂದಿನ ದಿನ ಔಷಧಿ ಕದಡಲು ಒಯ್ದಿದ್ದರು, ತೊಳೆದೂ ಇಟ್ಟಿದ್ದರು. ಅಂಚಿನ ತಿರುವಿನಲ್ಲಿ ನೀಲಿ ಗೆರೆ ಉಳಿದಿತ್ತು. ತೊಟ್ಟಿಯ ಬಸವನಹುಳುಗಳೂ ಒಂದು ಉಳಿಯಲಿಲ್ಲ. ಗಿಡಕ್ಕೆ ಮಾತ್ರ ಏನೂ ಆಗಲಿಲ್ಲ, ಅದು ಎಂದಿನಂತೆ ಚಿಗುರುತ್ತಲೇ ಇತ್ತು. ಮನೆಯವರು ಮೊದಲು ಸಂಶಯಪಟ್ಟದ್ದು ಮೀನಿನ ಆಹಾರದ ಮೇಲೆ.

ಆದ್ದರಿಂದ ತೊಟ್ಟಿಗೆಂದೇ ಒಂದು ಬಕೆಟ್ಟು, ಒಂದು ಚೊಂಬು, ಒಂದು ಕೊಳವೆ ಬೇರೆ ಇರಲಿ. ಬಣ್ಣದ ಗುರುತು ಹಾಕಿ ತೋಟದ ಸಾಮಾನಿನಿಂದ ದೂರ ಇಡಿ. ಚೊಂಬು ತಾಮ್ರದ್ದಾಗಲಿ ಹಿತ್ತಾಳೆಯದ್ದಾಗಲಿ ಆಗಬಾರದು. ತಾಮ್ರದ ಹಂಡೆಯಲ್ಲಿ ಮೀನು ಬೇಡವೆಂದದ್ದೂ ಇದಕ್ಕೇ: ಮೆದುವಾದ ಹುಳಿ ನೀರು ಲೋಹವನ್ನು ಕರಗಿಸಿಕೊಳ್ಳುತ್ತದೆ. ಮುಂಗಾರಿನ ಮೊದಲ ಔಷಧಿ, ಅದಾದ 40–45 ದಿನಕ್ಕೆ ಎರಡನೆಯದು, ಈ ಎರಡೂ ಸಮಯದಲ್ಲಿ ತೋಟದೊಳಗಿಂದ ಹರಿದು ಬರುವ ನೀರನ್ನು ತೊಟ್ಟಿಗೆ ತುಂಬಬಾರದು. ಔಷಧಿ ಹೊಡೆದ ತೋಟದ ಕೆಳಗಿನ ಬಾವಿ, ಕೆರೆ, ಬಸಿಗಾಲುವೆಯ ನೀರೂ ಬೇಡ. ಹೊಡೆಯುವ ವಾರಕ್ಕೆ ಮೊದಲೇ ಎರಡು ಡ್ರಮ್ಮು ನೀರು ಹಿಡಿದು ಮುಚ್ಚಿಟ್ಟುಕೊಂಡರೆ ಚಿಂತೆಯಿಲ್ಲ. ಔಷಧಿ ಹೊಡೆದು ಬಂದ ಕೈಯಲ್ಲಿ, ಸ್ನಾನ ಮಾಡುವವರೆಗೂ, ತೊಟ್ಟಿಗೆ ಬೆರಳು ಅದ್ದಬಾರದು.

ಕೀಟನಾಶಕಗಳ ಮಾತೂ ಹೀಗೆಯೇ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಜಾತಿಯವು ಮೀನಿಗೆ ತಾಮ್ರಕ್ಕಿಂತಲೂ ಉಗ್ರ. ಮನೆಯೊಳಗೆ ಸೊಳ್ಳೆಗೆ ಹೊಡೆಯುವ ಸ್ಪ್ರೇಯಲ್ಲಿರುವುದೂ ಸಾಮಾನ್ಯವಾಗಿ ಅದೇ ಜಾತಿ. ಸ್ಪ್ರೇ ಹೊಡೆಯುವ ಕೋಣೆಯಲ್ಲಿ ತೊಟ್ಟಿ ಇರಬಾರದು.

ತಾಮ್ರ ಬಿದ್ದಿದೆಯೆಂದು ತಿಳಿಯುವುದು ಹೇಗೆ? ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ, ಮೈಮೇಲೆ ಲೋಳೆ ಕಟ್ಟುತ್ತದೆ. ಅದಕ್ಕೂ ಮೊದಲು ಬಸವನಹುಳುಗಳು ಚಿಪ್ಪಿನೊಳಗೆ ಸೇರಿ ತಳಕ್ಕೆ ಬೀಳುವುದುಂಟು. ಅವುಗಳಿಗೆ ತಾಮ್ರ ಬೇಗ ತಾಗುತ್ತದೆ. ಆದ್ದರಿಂದ ತೊಟ್ಟಿಯಲ್ಲಿ ಎರಡು ಬಸವನಹುಳು ಇರುವುದು ಒಳ್ಳೆಯದು. ಕಂಡ ಕೂಡಲೇ ಮೀನನ್ನು ಬೇರೆ ಪಾತ್ರೆಯ ಶುದ್ಧ ನೀರಿಗೆ ಸಾಗಿಸಬೇಕು, ನೀರಿನ ಬಿಸಿ ಮಾತ್ರ ಎರಡರಲ್ಲೂ ಒಂದೇ ಇರಲಿ. ಗಿಡದ ಬೇರು ತಾಮ್ರವನ್ನು ಹೀರಿ ಶುದ್ಧ ಮಾಡೀತೆಂದು ಕಾಯುತ್ತಾ ಕೂರುವಂತಿಲ್ಲ.

ಹಳ್ಳಕ್ಕೆ ಬಿಡಬೇಡಿ

ಗಪ್ಪಿ ಹೆಚ್ಚಾಯಿತೆಂದೋ, ಗಾಜು ಒರೆಸಲೆಂದು ತಂದ ಸಕ್ಕರ್ ಮೀನು ಒಂದಡಿ ದಾಟಿತೆಂದೋ ಹಳ್ಳಕ್ಕೆ ಬಿಟ್ಟು ಪುಣ್ಯ ಬಂತೆಂದು ತಿಳಿಯುವವರಿದ್ದಾರೆ. ಸಕ್ಕರ್ ದಕ್ಷಿಣ ಅಮೆರಿಕದ ಮೀನು, ದಂಡೆಗೆ ಬಿಲ ತೋಡುತ್ತದೆ, ಕೇರಳದ ನೀರಿನಲ್ಲಿ ಈಗಾಗಲೇ ಸೇರಿಕೊಂಡಿದೆ. ಸೊಳ್ಳೆ ತಿನ್ನಲೆಂದು 1928ರಲ್ಲಿ ದೇಶಕ್ಕೆ ತಂದ ಗಾಂಬೂಸಿಯ ಮೀನು ಸೊಳ್ಳೆಯ ಜೊತೆಗೆ ಕಪ್ಪೆಯ ಮರಿಗಳನ್ನೂ ಇತರ ಮೀನುಗಳ ಮರಿಗಳನ್ನೂ ತಿನ್ನುತ್ತದೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನೆಂದು ಅಕ್ಕಿ ಹಾಕಿ ಕೈ ಮುಗಿಯುವ ನಾವೇ, ಮನೆ ಹಿಂದಿನ ಹಳ್ಳಕ್ಕೆ ಇಂಥವನ್ನು ಬಿಡುವುದು ಯಾವ ನ್ಯಾಯ? ಹೆಚ್ಚಾದ ಮೀನನ್ನು ನೆರೆಯವರಿಗೆ ಕೊಡಬಹುದು, ಅಂಗಡಿಗೆ ಹಿಂದಿರುಗಿಸಬಹುದು. ಕತ್ತರಿಸಿದ ಮನಿ ಪ್ಲಾಂಟನ್ನು ಸಹ ತೋಟದ ಅಂಚಿಗೆ ಎಸೆಯಬೇಡಿ, ಅಲ್ಲಿ ಮರ ಹತ್ತಿತೆಂದರೆ ಎಲೆ ಮೊರದಗಲ ಆಗುತ್ತದೆ, ತೆಗೆಯುವುದು ಕಷ್ಟ.

ವಾರದ ಕೆಲಸ

ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಅಷ್ಟೇ ಹೊಸ ನೀರು ಹಾಕುವುದು. ಗಿಡ ಚೆನ್ನಾಗಿ ಹಬ್ಬಿದ ಮೇಲೆ, ಮೀನು ಕಡಿಮೆ ಇದ್ದರೆ, ಎರಡು ವಾರಕ್ಕೊಮ್ಮೆಯಾದರೂ ನಡೆದೀತು. ಪೂರ್ತಿ ಖಾಲಿ ಮಾಡಿ ತಿಕ್ಕಿ ತೊಳೆದರೆ ಸೂಕ್ಷ್ಮಜೀವಿಗಳೂ ಹೋಗುತ್ತವೆ, ಮತ್ತೆ ಮೊದಲಿನಿಂದ ಶುರು. ಬೋರ್‌ವೆಲ್ ನೀರಾದರೆ ಒಂದು ದಿನ ತೆರೆದಿಟ್ಟು ನಾಲ್ಕು ಸಲ ಎತ್ತಿ ಹೊಯ್ದು ಹಾಕಬೇಕು, ಪಂಚಾಯತಿ ನಲ್ಲಿಯ ನೀರಿಗೆ ಕ್ಲೋರಿನ್ ಹಾಕಿದ್ದರೂ ಒಂದು ದಿನ ಕಾಯಬೇಕು. ತೆಗೆದ ಹಳೆಯ ನೀರು ತೆಳುವಾದ ಗೊಬ್ಬರ. ಮೆಣಸಿನ ನರ್ಸರಿಯ ಚೀಲಗಳಿಗೆ, ಹಿತ್ತಿಲ ಬಸಳೆಗೆ ಹೊಯ್ದರೆ ವ್ಯರ್ಥವಾಗುವುದಿಲ್ಲ. ಬೇರು ಬೆಳೆದು ಫಿಲ್ಟರಿನ ಬಾಯಿಗೆ ನುಗ್ಗುವುದುಂಟು, ತಿಂಗಳಿಗೊಮ್ಮೆ ಮೂರನೇ ಒಂದು ಪಾಲು ಕತ್ತರಿಸಬಹುದು.

ಮಳೆಗಾಲದಲ್ಲಿ ನಮ್ಮ ಕಡೆ ಎರಡು ಮೂರು ದಿನ ಕರೆಂಟು ಇಲ್ಲದಿರುವುದು ಹೊಸದಲ್ಲ. ಗಾಳಿಯ ಪಂಪು ನಿಂತಾಗ ತೊಟ್ಟಿಯಲ್ಲಿ ಮೀನು ಕಡಿಮೆ ಇದ್ದವರಿಗೆ ಭಯವಿಲ್ಲ. ಆ ದಿನಗಳಲ್ಲಿ ಆಹಾರ ಹಾಕಬಾರದು. ಬೆಳೆದ ಆರೋಗ್ಯವಂತ ಮೀನು ಒಂದು ವಾರ ಉಪವಾಸ ಇರಬಲ್ಲದು. ಮುಚ್ಚಳ ತೆಗೆದು, ನೀರಿನ ಮೇಲೆ ಹರಡಿದ ಎಲೆ ಬಳ್ಳಿಗಳನ್ನು ಪಕ್ಕಕ್ಕೆ ಸರಿಸಿ, ದಿನಕ್ಕೆ ನಾಲ್ಕಾರು ಸಲ ತೊಟ್ಟಿಯದೇ ನೀರನ್ನು ಚೊಂಬಿನಲ್ಲಿ ಮೊಗೆದು ಒಂದಡಿ ಎತ್ತರದಿಂದ ಹೊಯ್ಯಬೇಕು. ಮಕ್ಕಳಿಗೆ ಈ ಕೆಲಸ ಕೊಟ್ಟರೆ ಬೇಡವೆನ್ನುವುದಿಲ್ಲ. ಚೊಂಬು ಸ್ಟೀಲಿನದೋ ಪ್ಲಾಸ್ಟಿಕ್ಕಿನದೋ ಆಗಿರಲಿ.